ಗುರುವಾರದ ಮೂಟೆಗಳು

ಪಾತ್ರೆಯ ನೆಗ್ಗಿನಲ್ಲಿ ಎರಡು ಬಗೆ. ಕೈಜಾರಿ ಬಿದ್ದದ್ದು ಒಂದು, ಯಾರ ಮೇಲೋ ಬೀಸಿದ್ದು ಇನ್ನೊಂದು. ಬಿದ್ದ ಪಾತ್ರೆ ಅಂಚಿನಲ್ಲಿ ನೆಗ್ಗಿರುತ್ತದೆ, ಬೀಸಿದ್ದು ಹೊಟ್ಟೆಯಲ್ಲಿ. ಒಂಬತ್ತು ವರ್ಷ ಊರಿನವರ ಬೇಡವಾದ ಸಾಮಾನನ್ನು ವಿಂಗಡಿಸಿದ ದೊಡ್ಡಕ್ಕನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಂಗಿಯ ಮನೆಯಿಂದ ಬಂದ ಮೊದಲ ಮೂಟೆಯಲ್ಲಿ ನಾಲ್ಕು ಪಾತ್ರೆಗಳಿದ್ದವು. ನಾಲ್ಕಕ್ಕೂ ನೆಗ್ಗು ಹೊಟ್ಟೆಯಲ್ಲೇ ಇತ್ತು.

ಅವಳು ಕೆಲಸ ಮಾಡುವುದು ಒಂದು ಧರ್ಮಸಂಸ್ಥೆಯ ಗೋದಾಮಿನಲ್ಲಿ. ಮನೆ ಬದಲಾಯಿಸುವವರು, ಹೊಸ ಸೋಫಾ ಕೊಂಡವರು, ಸತ್ತವರ ಬಟ್ಟೆಯನ್ನು ಕಣ್ಣೆದುರು ಇಟ್ಟುಕೊಳ್ಳಲಾಗದವರು ಫೋನ್ ಮಾಡುತ್ತಾರೆ. ಒಂದೊಂದು ಬಡಾವಣೆಗೆ ಒಂದೊಂದು ದಿನ ವ್ಯಾನು ಹೋಗುತ್ತದೆ. ಬಂದದ್ದನ್ನು ಒಗೆದು, ಹೊಲಿದು, ಒರೆಸಿ, ಬೆಂಕಿಗೆ ಮನೆ ಕಳೆದುಕೊಂಡವರಿಗೋ ಅನಾಥಾಶ್ರಮಕ್ಕೋ ಕೊಡುವುದು ಇಲ್ಲಿನ ಕೆಲಸ. ಗೋದಾಮನ್ನು ನೋಡಿಕೊಳ್ಳುವ ನಿವೃತ್ತ ಮೇಷ್ಟ್ರಿಂದ ಹಿಡಿದು ವ್ಯಾನಿನ ಡ್ರೈವರ್‌ವರೆಗೆ ಎಲ್ಲರೂ ಅವಳನ್ನು ಕರೆಯುವುದು ದೊಡ್ಡಕ್ಕ ಎಂದೇ. ಆದರೆ ಒಡಹುಟ್ಟಿದ ಸಂಬಂಧದಿಂದ ಅಕ್ಕ ಎನ್ನುವವಳು ಜಗತ್ತಿನಲ್ಲಿ ಒಬ್ಬಳೇ, ಆ ತಂಗಿ.

ತಂಗಿಯ ಗಂಡ ಟೈಲ್ಸ್ ಹಾಕುವ ಮೇಸ್ತ್ರಿ. ಹೊರಗೆ ಅವನ ಮಾತು ಬೆಣ್ಣೆ. "ಅಕ್ಕಾ, ಹುಷಾರಾಗಿದೀರಾ?" ಎಂದು ಕೇಳುವಾಗ ಅವನ ದನಿಗೆ ಯಾರಾದರೂ ಕರಗಬೇಕು. ಒಳಗೆ ಅವನ ಭಾಷೆ ಬೇರೆ. ಮದುವೆಯಾದ ಆರು ವರ್ಷದಲ್ಲಿ ತಂಗಿಯ ಮೂರು ಹಲ್ಲು ಹೋಗಿದ್ದವು, ಎಡಗೈ ಎರಡು ಸಲ ಮುರಿದಿತ್ತು. ಒಮ್ಮೆ ಬಾಗಿಲಿನ ಸಂದಿಗೆ ಅವಳ ಬೆರಳುಗಳನ್ನು ಇಡಿಸಿ, ನಿಧಾನವಾಗಿ ಬಾಗಿಲು ಹಾಕಿದ್ದ. ಪೊಲೀಸರ ಹತ್ತಿರವೂ ಹೋಗಿದ್ದಾಯಿತು. ಅವರು ಇಬ್ಬರನ್ನೂ ಕೂರಿಸಿ ಟೀ ಕುಡಿಸಿ ಬುದ್ಧಿ ಹೇಳಿ ಕಳಿಸಿದರು. ಮನೆ ಮುಟ್ಟಿದ ಮೇಲೆ ಪಕ್ಕೆಲುಬು ಎರಡು ಮುರಿದವು.

ಆಮೇಲೆ ದೊಡ್ಡಕ್ಕ ಮಾತಿನ ದಾರಿ ಬಿಟ್ಟಳು. ತಂಗಿ ಮದುವೆಗೆ ಮುಂಚೆ ನರ್ಸಿಂಗ್ ಓದಿದ್ದವಳು. ದೂರದ ಊರಿನ ಆಸ್ಪತ್ರೆಯೊಂದು ಕೆಲಸವನ್ನೂ ಇರಲು ಕೋಣೆಯನ್ನೂ ಕೊಡಲು ಒಪ್ಪಿತ್ತು. ಸರ್ಟಿಫಿಕೇಟು ಬೇಕು, ಮಗುವಿನ ಜನನಪತ್ರ ಬೇಕು, ನಾಲ್ಕು ಬಟ್ಟೆ ಬೇಕು. ಹೆಂಡತಿ ಒಂದು ಕೈಚೀಲ ಹಿಡಿದು ಹೊರಟರೂ ಬೀದಿಯವರು ಅವನಿಗೆ ಫೋನ್ ಮಾಡುತ್ತಿದ್ದರು. ಹಾಗಾಗಿ ಅಕ್ಕತಂಗಿಯರು ಗುರುವಾರದ ವ್ಯಾನನ್ನು ನಂಬಿಕೊಂಡರು.

ಮೇಸ್ತ್ರಿಗೆ ದಾನಿ ಎನಿಸಿಕೊಳ್ಳುವ ಚಪಲ. "ಮನೆ ತುಂಬ ಬೇಡದ ಸಾಮಾನು, ಅಕ್ಕನ ಗೋದಾಮಿಗೆ ಕೊಟ್ಟುಬಿಡೋಣ್ವಾ?" ಎಂದು ತಂಗಿ ಕೇಳಿದಾಗ ಅವನು ಎದೆ ಉಬ್ಬಿಸಿಕೊಂಡು ಹೂಂ ಎಂದ. ಮೂಟೆಯ ಬಾಯಿ ಕಟ್ಟಿದವನು ಅವನೇ. ಬೀದಿಯವರೆಲ್ಲ ನೋಡಲಿ ಎಂದು ಹೆಗಲ ಮೇಲೆ ಹೊತ್ತು ವ್ಯಾನಿಗೆ ಹಾಕಿದವನೂ ಅವನೇ. ನೆಗ್ಗಿದ ಪಾತ್ರೆಗಳ ಕೆಳಗೆ ಮಗುವಿನ ಸ್ವೆಟರ್ ಹೋಯಿತು, ಮುಂದಿನ ವಾರ ಶೂ ಮತ್ತು ಪುಸ್ತಕ ಹೋದವು. ಮೂರನೆಯ ಗುರುವಾರ ಒಂದು ರಜಾಯಿ ಬಂತು, ಅದರ ಪದರದೊಳಗೆ ಕಾಗದಪತ್ರ ಹೊಲಿದಿತ್ತು. ಹೆಂಡತಿ ಓಡಿಹೋಗಲು ಬೇಕಾದದ್ದನ್ನೆಲ್ಲ ಗಂಡ ತಾನೇ ಬೆವರು ಸುರಿಸಿ ಸಾಗಿಸಿಕೊಟ್ಟ. ಇದನ್ನು ನೆನೆದು ದೊಡ್ಡಕ್ಕ ಒಬ್ಬಳೇ ಇದ್ದಾಗ ನಗುತ್ತಿದ್ದಳು, ಆ ನಗುವಿನಲ್ಲಿ ವಿಷವಿತ್ತು.

ನಾಲ್ಕನೆಯ ಗುರುವಾರ ತಂಗಿಯೂ ಮಗುವೂ ಬರಬೇಕು. ಈ ಸಲ ಕೊಡಲು ಮೂಟೆ ಇಲ್ಲ ಎಂದಿದ್ದರಿಂದ ಮೇಸ್ತ್ರಿ ಕೆಲಸದಲ್ಲೇ ಇರುತ್ತಾನೆ. ಆಗ ಡ್ರೈವರ್ ಅವರನ್ನು ವ್ಯಾನಿನೊಳಗೆ ಒಂದು ಅಲ್ಮೆರಾದ ಹಿಂದೆ ಕೂರಿಸಿಕೊಂಡು ತರುವುದು, ಇಲ್ಲಿಂದ ನಾಲ್ಕು ಗಂಟೆಯ ಬಸ್ಸು. ಡ್ರೈವರ್‌ಗೆ ಎಲ್ಲ ಗೊತ್ತಿತ್ತು. ಮೇಷ್ಟ್ರಿಗೆ ಮಾತ್ರ ಹೇಳಿರಲಿಲ್ಲ. ಅವರ ಬಾಯಲ್ಲಿ ಸುಳ್ಳು ನಿಲ್ಲುತ್ತಿರಲಿಲ್ಲ, ಕೇಳಿದವರಿಗೆ ಪಾಠ ಒಪ್ಪಿಸಿದ ಹಾಗೆ ಎಲ್ಲ ಒಪ್ಪಿಸಿಬಿಡುತ್ತಿದ್ದರು.

ಅವತ್ತು ದೊಡ್ಡಕ್ಕ ಬಸ್ಸಿನ ಟಿಕೆಟ್ ತರಲು ಹೋಗಿ ಎರಡೂಕಾಲಿಗೆ ವಾಪಸ್ಸು ಬಂದಳು. ಮೇಷ್ಟ್ರು ಮುಖ ಅರಳಿಸಿಕೊಂಡು ಮೇಜಿನ ಹಿಂದೆ ಕೂತಿದ್ದರು. ಮೇಜಿನ ಮೇಲೆ ಹೊಲಿಗೆ ಬಿಚ್ಚಿದ ರಜಾಯಿ ಇತ್ತು.

"ಬೆಂಕಿ ಬಿದ್ದ ಮನೆಯವರು ಹೊದಿಕೆ ಕೇಳಿಕೊಂಡು ಬಂದಿದ್ರು ದೊಡ್ಡಕ್ಕ. ನಿಮ್ಮ ಕಪಾಟಿಂದ ಇದನ್ನ ತೆಗೆದೆ. ಒಳಗೆ ಏನೋ ಸರಸರ ಅಂತು. ನೋಡಿದ್ರೆ ನಿಮ್ಮ ತಂಗಿ ಸರ್ಟಿಫಿಕೇಟು, ಮಗೂದು ಕಾಗದ, ಒಂದು ಜೊತೆ ಓಲೆ!"

ಮೇಷ್ಟ್ರ ನಿಯಮ ದೊಡ್ಡಕ್ಕನಿಗೆ ಬಾಯಿಪಾಠ. ಕೊಟ್ಟ ಸಾಮಾನಿನೊಳಗೆ ಏನು ಸಿಕ್ಕಿದರೂ ಅವತ್ತೇ ಮನೆಯವರಿಗೆ ಫೋನ್ ಮಾಡಿ ತಿಳಿಸಬೇಕು. 'ಅವರು ಅಂಗಿ ಕೊಟ್ಟಿದಾರೆ, ಜೇಬಲ್ಲಿರೋದು ಕೊಟ್ಟಿಲ್ಲ' ಎನ್ನುತ್ತಿದ್ದರು.

"ಫೋನ್ ಮಾಡಿದ್ರಾ?"

"ಮಾಡ್ದೆ ಇರ್ತೀನಾ? ಮೂಟೆ ಚೀಟಿ ಮೇಲೆ ನಂಬರ್ ಇತ್ತಲ್ಲ. ನಿಮ್ಮ ತಂಗಿ ಯಜಮಾನ್ರೇ ಎತ್ತಿದ್ರು. ಪಾಪ, ಖುಷಿಗೆ ಮಾತೇ ಬರಲಿಲ್ಲ ಅವರಿಗೆ."

"ಏನಂದ್ರು ಮೇಷ್ಟ್ರೇ?"

"'ಸರ್ಟಿಫಿಕೇಟಾ?' ಅಂತ ಎರಡು ಸಲ ಕೇಳಿದ್ರು. ಆಮೇಲೆ 'ಈಗಲೇ ಮನೆಗೆ ಹೋಗ್ತೀನಿ' ಅಂದ್ರು. ಈಗ ಐದು ನಿಮಿಷ ಆಯ್ತು."

ತಂಗಿಯ ಬೀದಿಗೆ ವ್ಯಾನು ಮುಟ್ಟುವುದು ಎರಡೂವರೆಗೆ. ಮೇಸ್ತ್ರಿಯ ಬೈಕೂ ಅಷ್ಟು ಹೊತ್ತಿಗೇ ಮುಟ್ಟುತ್ತದೆ. ಡ್ರೈವರ್‌ಗೆ ಫೋನ್ ಹಚ್ಚಿದಳು. ಬಡಿದುಕೊಂಡು ಬಡಿದುಕೊಂಡು ನಿಂತಿತು. ಓಡಿಸುವಾಗ ಫೋನ್ ಎತ್ತಬಾರದು ಎನ್ನುವುದೂ ಮೇಷ್ಟ್ರ ನಿಯಮವೇ, ಡ್ರೈವರ್ ಅದನ್ನು ಸೀಟಿನಡಿ ಹಾಕಿಟ್ಟರೆ ಗೋದಾಮು ಮುಟ್ಟುವವರೆಗೆ ತೆಗೆಯುತ್ತಿರಲಿಲ್ಲ.

ತಂಗಿಗೆ ಫೋನ್ ಇಟ್ಟುಕೊಳ್ಳಲು ಗಂಡ ಬಿಟ್ಟಿರಲಿಲ್ಲ. ಇನ್ನು ಉಳಿದದ್ದು ಒಂದೇ ನಂಬರು, ಮೇಸ್ತ್ರಿಯದು. ಅದನ್ನು ಒತ್ತಿದಳು. ಆರು ವರ್ಷ 'ನೀವು, ತಾವು' ಎಂದು ಮಾತಾಡಿಸಿದ್ದವನನ್ನು ಮೊದಲ ಸಲ ಏಕವಚನದಲ್ಲಿ ಮಾತಾಡಿಸಿದಳು.

"ಮನೆಗೆ ಹೋಗಿ ಗೋಡೆ ನೋಡ್ತೀಯಾ? ಅವಳು ಇಲ್ಲಿದಾಳೆ, ನನ್ನ ಗೋದಾಮಲ್ಲಿ. ಮಗೂನೂ ಇದೆ. ಗಂಡಸಾದ್ರೆ ಇಲ್ಲಿಗೆ ಬಾ."

"ಬಂದೆ ಅಕ್ಕಾ," ಎಂದ ಅವನು, ಅದೇ ಬೆಣ್ಣೆಯ ದನಿಯಲ್ಲಿ.

ಮೇಷ್ಟ್ರಿಗೆ ಎರಡು ಮಾತಿನಲ್ಲಿ ವಿಷಯ ಹೇಳಿದಳು. ಅವರ ಮುಖ ಸುಣ್ಣದಂತಾಯಿತು. ತಾವೇ ಪೊಲೀಸರಿಗೆ ಫೋನ್ ಮಾಡಿದರು. ಜೀಪು ಹೊರಗೆ ಹೋಗಿದೆ, ಬಂದ ಕೂಡಲೇ ಕಳಿಸುತ್ತೇವೆ ಎಂದರು ಠಾಣೆಯವರು. "ನೀವು ರಸ್ತೆ ತಿರುವಲ್ಲಿ ನಿಂತುಕೊಳ್ಳಿ. ವ್ಯಾನು ಕಂಡ್ರೆ ಒಳಗೆ ಬಿಡಬೇಡಿ, ನೇರ ಬಸ್‌ಸ್ಟ್ಯಾಂಡಿಗೆ ಕಳಿಸಿ," ಎಂದು ದೊಡ್ಡಕ್ಕ ಅವರನ್ನು ದೂಡಿದಳು. ಕಾಗದಪತ್ರವನ್ನೂ ಟಿಕೆಟನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೇಷ್ಟ್ರ ಕೈಗೆ ಕೊಟ್ಟರೆ ಮೇಸ್ತ್ರಿ ದಾರಿಯಲ್ಲಿ ಕೇಳಿದ ಕೂಡಲೇ ಒಪ್ಪಿಸಿಬಿಟ್ಟಾರು, ಆಮೇಲೆ ತಾನೇ ಬಸ್‌ಸ್ಟ್ಯಾಂಡಿಗೆ ಹೇಗಾದರೂ ತಲುಪಿಸಿದರಾಯಿತು ಎಂದುಕೊಂಡಳು. ಮೊದಲು ಇವನನ್ನು ಇಲ್ಲಿ ಹಿಡಿದಿಡಬೇಕು, ಎಷ್ಟು ಹೊತ್ತಾದರೂ ಸರಿ.

ಅವನು ಬಂದು ಬಾಗಿಲು ಹಾಕಿ ಚಿಲಕ ಏರಿಸಿದ. ಕೈಯಲ್ಲಿ ಟೈಲ್ಸ್ ಕೆಲಸದ ಸುತ್ತಿಗೆ, ಅಂಗಿಯ ಮೇಲೆ ಸಿಮೆಂಟಿನ ಧೂಳು.

"ಎಲ್ಲಿದಾಳೆ ಅಕ್ಕಾ?"

"ಹುಡುಕ್ಕೋ."

ಸುತ್ತಿಗೆ ಅವಳ ಎಡ ಭುಜದ ಮೇಲೆ ಬಿತ್ತು. ಒಳಗೆ ಏನೋ ಲಟಕ್ಕೆಂದಿತು. ನೋವು ಬರುವ ಮುಂಚೆ ಕೈ ಜೋತುಬಿತ್ತು, ಆಮೇಲೆ ನೋವು ಬಂತು, ಕಣ್ಣು ಕತ್ತಲೆಯಾಯಿತು. ಅವಳು ಗೋಡೆಗೆ ಒರಗಿ ಹಲ್ಲು ಕಚ್ಚಿದಳು. ತಂಗಿ ಇದನ್ನು ಆರು ವರ್ಷ ತಿಂದಿದ್ದಾಳೆ, ನಾನು ಒಂದು ಗಂಟೆ ತಿನ್ನಲಾರೆನೆ ಎಂದುಕೊಂಡಳು.

ಗೋದಾಮಿನಲ್ಲಿ ಹನ್ನೊಂದು ಅಲ್ಮೆರಾಗಳಿದ್ದವು, ಯಾರ ಯಾರದೋ ಮನೆಯವು, ಬೀಗ ಹಾಕಿದವು. ಅವನು ಒಂದೊಂದನ್ನೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕಿವಿಗೊಟ್ಟ. ಹಾಕಿದ ಟೈಲ್ಸಿನಡಿ ಸಿಮೆಂಟು ತುಂಬಿದೆಯೋ ಟೊಳ್ಳಾಗಿದೆಯೋ ಎಂದು ತಟ್ಟಿ ನೋಡುವುದು ಅವನ ಕಸುಬು. ಟೊಳ್ಳು ಸದ್ದು ಬಂದರೆ ಮುಂದೆ ಹೋಗುತ್ತಿದ್ದ. ತುಂಬಿದ ಸದ್ದು ಬಂದರೆ ಸುತ್ತಿಗೆ ಬೀಸುತ್ತಿದ್ದ. ಹಲಗೆ ಸೀಳಿ, ಕನ್ನಡಿ ಚೂರಾಗಿ, ಒಳಗಿದ್ದ ಹಾಸಿಗೆ, ಪುಸ್ತಕ, ಪಿಂಗಾಣಿ ನೆಲಕ್ಕೆ ಸುರಿಯುತ್ತಿದ್ದವು. ಅಷ್ಟು ಜನ ಒಳ್ಳೆಯ ಮನಸ್ಸಿನಿಂದ ಕೊಟ್ಟದ್ದೆಲ್ಲ ಚೂರುಚೂರಾಗಿ ಅವನ ಕಾಲಡಿ ಕರಕರ ಎನ್ನುತ್ತಿತ್ತು. ಪ್ರತಿ ಅಲ್ಮೆರಾ ಸುಳ್ಳಾದಾಗಲೂ ಅವನು ದೊಡ್ಡಕ್ಕನ ಹತ್ತಿರ ಬರುತ್ತಿದ್ದ.

ಒಮ್ಮೆ ಹೊಟ್ಟೆಗೆ ಒದ್ದ. ಒಮ್ಮೆ ಕೂದಲು ಹಿಡಿದು ತಲೆಯನ್ನು ಗೋಡೆಗೆ ಗುದ್ದಿದ. ಬಾಯಲ್ಲಿ ರಕ್ತ ತುಂಬಿತು, ಉಗುಳಿದಳು.

"ಹೇಳಿ ಅಕ್ಕಾ. ನಿಮಗೂ ಕಷ್ಟ, ನನಗೂ ಕಷ್ಟ."

"ಇನ್ನೂ ಐದು ಅಲ್ಮೆರಾ ಇವೆ. ಕಸುಬು ಮರೆತುಹೋಯ್ತಾ?"

ಅವಳ ಬಲಗೈಯ ಕಿರುಬೆರಳನ್ನು ಹಿಡಿದು ಹಿಂದಕ್ಕೆ ಮುರಿದ. ಅವಳು ಕೂಗಿದಳು. ಕೂಗುತ್ತಲೇ ಗೋಡೆಯ ಗಡಿಯಾರ ನೋಡಿದಳು. ಮೂರೂಕಾಲು. ವ್ಯಾನು ಮೇಷ್ಟ್ರಿಗೆ ಸಿಕ್ಕಿರಬೇಕು, ಬದುಕಿದರು ಎಂದುಕೊಂಡಳು. ಅಷ್ಟರಲ್ಲಿ ಹಿಂದಿನ ಷಟರಿನ ಕಡೆಯಿಂದ ವ್ಯಾನು ಹಿಂದಕ್ಕೆ ಬರುವ ಪೀಂ ಪೀಂ ಸದ್ದು ಕೇಳಿಸಿತು.

ಅಲ್ಮೆರಾ ಇದ್ದರೆ ವ್ಯಾನು ಹಿಂದಿನ ಓಣಿಯಿಂದ ಬಂದು ಹಿಂದಿನ ಷಟರಿಗೆ ನಿಲ್ಲುತ್ತದೆ, ಮುಂದಿನ ಬಾಗಿಲು ಅದಕ್ಕೆ ಕಿರಿದು. ಒಂಬತ್ತು ವರ್ಷದಿಂದ ಹಾಗೇ. ಮೇಷ್ಟ್ರು ಮುಂದಿನ ರಸ್ತೆಯಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದರು. ಅವರನ್ನು ಅಲ್ಲಿ ನಿಲ್ಲಿಸಿದವಳು ತಾನೇ ಎಂಬುದು ಅವಳಿಗೆ ಆಗ ಹೊಳೆಯಿತು.

ಮೇಸ್ತ್ರಿ ತಲೆ ತಿರುಗಿಸಿದ. ಹೊರಗೆ ಡ್ರೈವರ್ ಯಾರಿಗೋ "ಇಳೀರಮ್ಮ, ಬಂತು" ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ಮೇಸ್ತ್ರಿ ನಕ್ಕ. ಅವಳ ಕೂದಲು ಬಿಟ್ಟು, ಸುತ್ತಿಗೆಯ ಹಿಡಿಯನ್ನು ಅಂಗಿಗೆ ಒರೆಸಿಕೊಂಡು, ಷಟರಿನ ಕಡೆ ನಡೆದ. ಬೆನ್ನು ಅವಳ ಕಡೆಗಿತ್ತು. ಅವಳನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ.

ದೊಡ್ಡಕ್ಕ ಎದ್ದಳು. ಪಕ್ಕದ ಹಲಗೆಯ ಮೇಲೆ ವೈರು ಕತ್ತರಿಸಿದ ಹಳೆಯ ಇಸ್ತ್ರಿಪೆಟ್ಟಿಗೆ ಇತ್ತು, ಕಬ್ಬಿಣದ್ದು, ಭಾರದ್ದು. ಮುರಿದ ಬೆರಳನ್ನು ಬಿಟ್ಟು ಉಳಿದ ನಾಲ್ಕರಲ್ಲಿ ಹಿಡಿಯನ್ನು ಅಮುಕಿ ಹಿಡಿದಳು. ಗಾಜಿನ ಚೂರು ತುಳಿದುಕೊಂಡೇ ಓಡಿ, ಅವನ ಕಿವಿಯ ಹಿಂದೆ ಬಲವಾಗಿ ಬೀಸಿದಳು.

ಅವನು ಮೊಣಕಾಲೂರಿದ. "ಅಕ್ಕಾ," ಎಂದ. ಈ ಸಲ ಆ ದನಿಯಲ್ಲಿ ಬೆಣ್ಣೆ ಇರಲಿಲ್ಲ, ಭಯ ಇತ್ತು. ಎರಡನೆಯ ಏಟಿಗೆ ಸುತ್ತಿಗೆ ಹಿಡಿದ ಮಣಿಕಟ್ಟು ಪುಡಿಯಾಯಿತು. ಅವನು ಬೋರಲು ಬಿದ್ದ. ಮೂರನೆಯ ಏಟು ಬೇಕಾಗಿರಲಿಲ್ಲ. ನಾಲ್ಕನೆಯದೂ ಬೇಕಾಗಿರಲಿಲ್ಲ. ಹೊಡೆದಳು. ಮುಚ್ಚಿಡುವುದೇನು, ಅವಳಿಗೆ ಅದು ಹಿತವಾಗಿತ್ತು. ಆರು ವರ್ಷ ಹೊಟ್ಟೆಯಲ್ಲಿ ಉರಿದದ್ದು ತೋಳಿಗೆ ಇಳಿದಿತ್ತು. ಐದನೆಯದಕ್ಕೆ ಕೈ ಎತ್ತಿದಾಗ ಷಟರು ಕಿರ್ರೆಂದು ಮೇಲೆದ್ದು ಹಗಲು ಬೆಳಕು ಒಳಗೆ ನುಗ್ಗಿತು.

ಡ್ರೈವರ್ ಬಾಯಿ ತೆರೆದುಕೊಂಡು ನಿಂತ. ತಂಗಿ ಅವನನ್ನು ಸರಿಸಿ ಒಳಗೆ ಬಂದಳು. ಗಂಡನ ಪಕ್ಕ ಕುಕ್ಕರಗಾಲಲ್ಲಿ ಕೂತು, ಓದಿದ ವಿದ್ಯೆ ಮರೆಯದವಳಂತೆ, ಅವನ ಕತ್ತಿನ ಮೇಲೆ ಎರಡು ಬೆರಳಿಟ್ಟಳು.

"ಉಸಿರಿದೆ ಅಕ್ಕ. ಸಾಯಲ್ಲ. ಸಾಕು."

"ಸೊಂಟದಲ್ಲಿ ಕಾಗದ ಇದೆ, ಟಿಕೆಟ್ಟೂ ಇದೆ, ತಗೋ," ಎಂದಳು ದೊಡ್ಡಕ್ಕ. ಮಾತು ಅವಳಿಗೇ ದೂರದಿಂದ ಕೇಳಿಸಿದಂತಿತ್ತು. "ಬಸ್ಸಿಗೆ ಹೊತ್ತಾಯ್ತು. ಹೋಗು."

"ನೀನು?"

"ಪೊಲೀಸ್ರು ಬರ್ತಾರೆ. ಅವರಿಗೆ ಯಾರಾದ್ರೂ ಹೇಳ್ಬೇಕಲ್ಲ. ನೀನು ಹೊರಡು."

ತಂಗಿ ಅವಳ ಸೊಂಟದಿಂದ ಚೀಲ ತೆಗೆದುಕೊಂಡಳು. ಅಳಲಿಲ್ಲ. ಅಕ್ಕನ ರಕ್ತದ ಕೆನ್ನೆಗೆ ತನ್ನ ಕೆನ್ನೆ ಒತ್ತಿ, ವ್ಯಾನಿನ ಕಡೆ ತಿರುಗಿದಳು. ಅಲ್ಲಿ ಷಟರಿನ ಹೊಸ್ತಿಲಲ್ಲಿ ಮಗು ನಿಂತಿತ್ತು. ಐದು ವರ್ಷದ ಹುಡುಗಿ, ದೊಡ್ಡಮ್ಮನನ್ನು ಕಂಡರೆ ಓಡಿಬಂದು ಕಾಲು ತಬ್ಬುವವಳು. ಬಿದ್ದಿದ್ದ ಅಪ್ಪನ ಕಡೆ ಅದು ನೋಡಲೇ ಇಲ್ಲ. ದೊಡ್ಡಮ್ಮನ ಕೈಯನ್ನೇ ನೋಡುತ್ತಿತ್ತು.

ಮತ್ತೆ ಯಾವಾಗ ನೋಡುತ್ತೇನೋ, ಒಂದು ಮುತ್ತು ಕೊಟ್ಟು ಕಳಿಸೋಣ ಎಂದು ದೊಡ್ಡಕ್ಕ ಮಗುವಿನ ಕಡೆ ಎರಡು ಹೆಜ್ಜೆ ಇಟ್ಟಳು. ಇಸ್ತ್ರಿಪೆಟ್ಟಿಗೆ ಇನ್ನೂ ಕೈಯಲ್ಲೇ ಇದೆ ಎಂಬುದು ಅವಳಿಗೆ ಮರೆತೇಹೋಗಿತ್ತು.

ಮಗು ಓಡಲಿಲ್ಲ, ಅಮ್ಮನನ್ನೂ ಕರೆಯಲಿಲ್ಲ. ನಿಂತಲ್ಲೇ ಕುಸಿದು, ತಲೆಯನ್ನು ಮೊಣಕಾಲ ಮಧ್ಯೆ ಸೇರಿಸಿ, ಎರಡೂ ಕೈಯಿಂದ ಕತ್ತು ಮುಚ್ಚಿಕೊಂಡಿತು. ಎಷ್ಟೋ ಸಲ ಹೇಳಿ ರೂಢಿಯಾದ ಮೆತ್ತನೆಯ ದನಿಯಲ್ಲಿ, "ನಾನು ಜಾಣೆ ದೊಡ್ಡಮ್ಮ," ಎಂದಿತು. "ನಾನು ಅಳ್ತಾ ಇಲ್ಲ, ನೋಡು."