ಕೆಂಪು ಗುಂಡಿ ಬಿಟ್ಟ ಮೇಲೆ

ಬೆಳಿಗ್ಗೆ ನೀರಿನ ಠಾಣೆಯ ಬೀಗ ತೆಗೆದು ಒಳಗೆ ಬಂದವಳು ಮೊದಲು ಕಿಟಕಿ ತೆರೆಯುತ್ತಿದ್ದಳು, ಆಮೇಲೆ ಕಪ್ಪು ಫೋನಿನ ಮುಂದೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದಳು. ಅದು ನಂಬರು ತಿರುಗಿಸುವ ಫೋನಲ್ಲ. ಒಂದು ತುದಿ ಇಲ್ಲಿ, ಇನ್ನೊಂದು ತುದಿ ನದಿಯ ಮೇಲ್ಭಾಗದಲ್ಲಿ, ಗಡಿಯಾಚೆಯ ದೇಶದ ಠಾಣೆಯಲ್ಲಿ. ಅಲ್ಲಿ ಬೆಟ್ಟದ ಮೇಲೆ ಗಣಿ ಇತ್ತು. ಗಣಿಯ ಪಕ್ಕದಲ್ಲಿ ಅದಿರು ತೊಳೆದ ವಿಷದ ನೀರನ್ನು ಒಡ್ಡು ಕಟ್ಟಿ ನಿಲ್ಲಿಸಿದ್ದರು. ಒಡ್ಡು ಒಡೆದರೆ ವಿಷ ನದಿಗೆ, ನದಿಯಿಂದ ಇವಳ ಊರಿನ ನಲ್ಲಿಗೆ. ಹಾಗಾಗಬಾರದೆಂದು ಎರಡೂ ದೇಶಗಳ ದೊಡ್ಡವರು ಕೂತು, ಕೈಕುಲುಕಿ, ಒಪ್ಪಂದಕ್ಕೆ ಸಹಿ ಹಾಕಿ, ಅದರ ಗುರುತಾಗಿ ಈ ಫೋನು ಹಾಕಿಸಿದ್ದರು.

ಫೋನಿಗೊಂದು ಕೆಂಪು ಗುಂಡಿ. ಅದನ್ನು ಒತ್ತಿ ಹಿಡಿದಷ್ಟು ಹೊತ್ತು ಮಾತು ಎರಡೂ ಕಡೆ ಯಂತ್ರದಲ್ಲಿ ದಾಖಲಾಗುತ್ತಿತ್ತು. ಆಡಬೇಕಾದ ಮಾತನ್ನೂ ದೊಡ್ಡವರೇ ಬರೆದುಕೊಟ್ಟಿದ್ದರು. ಮೇಲಿನವನು, "ತಂತಿ ಸರಿಯಾಗಿದೆ, ನೀರು ಸರಿಯಾಗಿದೆ" ಎನ್ನಬೇಕು. ಕೆಳಗಿನವಳು, "ಕೇಳಿಸಿತು, ವಂದನೆಗಳು" ಎನ್ನಬೇಕು. ಅಷ್ಟೇ. ನಿಜವಾಗಿ ಏನಾದರೂ ಆದರೆ ಈ ಫೋನಿನಲ್ಲಿ ಹೇಳುವಂತಿರಲಿಲ್ಲ! ಅವನು ತನ್ನ ರಾಜಧಾನಿಗೆ ತಿಳಿಸಬೇಕು, ಆ ರಾಜಧಾನಿ ಈ ರಾಜಧಾನಿಗೆ ಪತ್ರ ಬರೆಯಬೇಕು, ಇಲ್ಲಿನವರು ನದಿ ಆಯೋಗಕ್ಕೆ ಹೇಳಬೇಕು, ಆಯೋಗದವರು ಇವಳಿಗೆ ಹೇಳಬೇಕು. ಫೋನು ಸರಿಯಿದೆಯೋ ಇಲ್ಲವೋ ಎಂದು ನೋಡುವುದಕ್ಕಷ್ಟೇ ಫೋನು. ಇಂಥ ಬುದ್ಧಿ ಒಬ್ಬರ ತಲೆಯಿಂದ ಬರುವುದು ಸಾಧ್ಯವಿಲ್ಲ, ಅದಕ್ಕೆ ಎರಡು ಸರ್ಕಾರಗಳೇ ಸೇರಬೇಕು.

ಆದರೆ ಕೆಂಪು ಗುಂಡಿ ಬಿಟ್ಟ ಮೇಲೂ ತಂತಿಯಲ್ಲಿ ಜೀವ ಇರುತ್ತದೆಂದು ಅವರಿಬ್ಬರಿಗೂ ಬಹಳ ಹಿಂದೆಯೇ ಗೊತ್ತಾಗಿತ್ತು. ದಡದ ಆಚೆ ಈಚೆ ಆಡುವ ಭಾಷೆಯೂ ಒಂದೇ. ಗುಂಡಿ ಬಿಟ್ಟ ತಕ್ಷಣ ಅವನು, "ಹ್ಞೂ, ಸರ್ಕಾರಿ ಕೆಲಸ ಮುಗೀತು. ಈಗ ಹೇಳಿ ಅಕ್ಕ, ತಿಂಡಿ ಆಯ್ತಾ?" ಎನ್ನುತ್ತಿದ್ದ. ಇವಳು ಅವನನ್ನು ತಮ್ಮ ಎನ್ನುತ್ತಿದ್ದಳು. ಇಬ್ಬರಲ್ಲಿ ಯಾರು ದೊಡ್ಡವರೆಂದು ಇಬ್ಬರಿಗೂ ಗೊತ್ತಿರಲಿಲ್ಲ, ಮುಖವಂತೂ ನೋಡಿಯೇ ಇರಲಿಲ್ಲ. ಅವನಿಗೆ ಹಾಸ್ಯ ಹೇಳುವ ಮೊದಲೇ ತಾನು ನಕ್ಕುಬಿಡುವ ಚಾಳಿ, ಹಾಗಾಗಿ ಅರ್ಧ ಹಾಸ್ಯ ಇವಳಿಗೆ ತಲುಪುತ್ತಲೇ ಇರಲಿಲ್ಲ. ಅವನ ಠಾಣೆಯಲ್ಲಿ ಒಂದು ಕುಂಟು ಕೋಳಿ ಇತ್ತು. ಮೇಜಿನ ಕೆಳಗೆ, ಹಳೆಯ ಕೋಟಿನ ಮೇಲೆ ಅದರ ವಾಸ. ಅದನ್ನು ಅವನು "ನಮ್ಮ ಸಹಾಯಕ ಅಧಿಕಾರಿ" ಎಂದು ಕರೆಯುತ್ತಿದ್ದ. ಬೆಳಗಿನ ಮಾತಿನ ನಡುವೆ ಅದು ಕೊಕ್ ಕೊಕ್ ಎಂದರೆ, "ಸಾಹೇಬ್ರು ಒಪ್ಪಿಗೆ ಕೊಟ್ರು" ಎನ್ನುತ್ತಿದ್ದ. ರಜೆಗೆ ಹೋದರೂ ಅದನ್ನು ಬುಟ್ಟಿಯಲ್ಲಿ ಹಾಕಿಕೊಂಡೇ ಹೋಗುತ್ತಿದ್ದನಂತೆ.

"ಮನೇಲಿರೋರ ಜೊತೆ ಇಷ್ಟು ಮಾತಾಡಿದ್ರೆ ನಾವೂ ಉದ್ಧಾರ ಆಗ್ತಿದ್ವಿ," ಎಂದು ಅತ್ತೆ ಮೂಗು ಮುರಿಯುತ್ತಿದ್ದರು. ಆದರೆ ಸಂಜೆ ಇವಳು ಮನೆಗೆ ಬಂದರೆ ಅತ್ತೆಯೇ ಮೊದಲು ಕೇಳುವುದು, "ಕೋಳಿ ಹೇಗಿದೆಯಂತೆ?" ಮಗಳು ಹೆರಿಗೆಗೆಂದು ಮನೆಗೆ ಬಂದಾಗ, ಗಂಡುಮಗು ಹುಟ್ಟಿದ ಸುದ್ದಿಯನ್ನು ಅಳಿಯನಿಗೆ ತಲುಪಿಸುವ ಮೊದಲೇ ಇವಳು ಕಪ್ಪು ಫೋನಿನಲ್ಲಿ ಹೇಳಿಬಿಟ್ಟಿದ್ದಳು. ಆವತ್ತು ಅವನು ನಗುತ್ತಾ ನಗುತ್ತಾ ಅತ್ತುಬಿಟ್ಟಿದ್ದ. ಅವನಿಗೆ ಹೆಂಡತಿ ಇದ್ದಳು, ಮಕ್ಕಳಿರಲಿಲ್ಲ.

ಮಗು ಕತ್ತು ನಿಲ್ಲಿಸಲು ಕಲಿಯುತ್ತಿದ್ದ ದಿನಗಳು. ಒಂದು ಬೆಳಿಗ್ಗೆ ಫೋನು ಬಂತು. "ತಂತಿ ಸರಿಯಾಗಿದೆ, ನೀರು ಸರಿಯಾಗಿದೆ." ಇವಳು ವಂದನೆ ಹೇಳಿ ಗುಂಡಿ ಬಿಟ್ಟಳು. ತಿಂಡಿಯ ಮಾತು ಬರಲಿಲ್ಲ.

"ತಮ್ಮಾ?"

"ಅಕ್ಕ, ಇವತ್ತು ಮಗೂಗೆ ನಲ್ಲಿ ನೀರು ಕೊಡ್ಬೇಡಿ."

"ಏನಾಯ್ತು?"

"ನಿನ್ನೆ ಸಂಜೆ ಒಡ್ಡು ಬಿರುಕು ಬಿಟ್ಟಿದೆ. ಸಣ್ಣದಲ್ಲ. ರಾಜಧಾನಿಗೆ ಹೇಳಿದ್ದೀವಿ. ತಾವು ಹೇಳೋವರೆಗೂ ತುಟಿ ಪಿಟಕ್ ಅನ್ನಬಾರದು ಅಂದಿದ್ದಾರೆ. ಅವರು ಯೋಚನೆ ಮಾಡಿ ಪತ್ರ ಬರೆಯೋ ಹೊತ್ತಿಗೆ ಅದು ನಿಮ್ಮೂರು ದಾಟಿರುತ್ತೆ." ಅವನ ಉಸಿರು ಕೇಳುತ್ತಿತ್ತು. "ನಾನು ಹೇಳಿದೆ ಅಂತ ಮಾತ್ರ ಯಾರಿಗೂ ಹೇಳ್ಬೇಡಿ ಅಕ್ಕ. ಇಲ್ಲಿ ಇಂಥದ್ದಕ್ಕೆ ಕೆಲಸದಿಂದ ತೆಗೆಯೋದಷ್ಟೇ ಅಲ್ಲ. ಕರ್ಕೊಂಡ್ ಹೋಗ್ತಾರೆ."

"ಮೊಮ್ಮಗನ ಆಣೆ, ಹೇಳಲ್ಲ."

"ಅವನ ಆಣೆ ಯಾಕೆ ಹಾಕ್ತೀರಿ, ಪಾಪ," ಎಂದು ಅವನು ಫೋನಿಟ್ಟ.

ಇವಳು ಕೆಳಗಿಳಿದು ಹೋಗಿ, ನದಿಯ ನೀರು ಊರಿಗೆ ಹೋಗುವ ಬಾಗಿಲನ್ನು ಕೈಯಾರೆ ಇಳಿಸಿದಳು. ಆಮೇಲೆ ಬಾಗಿಲು ಎತ್ತುವ ಸರಪಳಿಯನ್ನು ಹಲ್ಲುಚಕ್ರದಿಂದ ತಪ್ಪಿಸಿ, ತನ್ನ ಮೇಲಧಿಕಾರಿ ಇಂಜಿನಿಯರಿಗೆ ಸರಪಳಿ ಸಿಕ್ಕಿಹಾಕಿಕೊಂಡಿದೆ ಎಂದಳು. ರಿಪೇರಿಗೆ ಬಂದವರು ತಲೆ ಕೆರೆದುಕೊಂಡು, ಬಿಡಿಭಾಗ ತರಿಸಬೇಕೆಂದು ಹೋದರು. ಊರಿನ ತೊಟ್ಟಿಯಲ್ಲಿದ್ದ ನೀರು ಮುಗಿಯುತ್ತಾ ಬಂತು. ಬೀದಿಯಲ್ಲಿ ಹೋದರೆ ಬಕೆಟ್ ಹಿಡಿದ ಹೆಂಗಸರು ಇವಳಿಗೆ ಕೇಳಿಸುವಂತೆಯೇ ಬೈಯುತ್ತಿದ್ದರು. ಪಕ್ಕದ ಮನೆಯ ದರ್ಜಿ, "ಸರಪಳಿ ನೋಡಿಕೊಳ್ಳೋಕೆ ಆಗದೋರಿಗೆ ಸಂಬಳ ಬೇರೆ," ಎಂದ. ಅತ್ತೆ ಸೊಸೆಯನ್ನು ಎಷ್ಟೇ ಆಡಿಕೊಳ್ಳಲಿ, ಪರರು ಆಡಿಕೊಂಡರೆ ಸುಮ್ಮನಿರುವವರಲ್ಲ. ಬಾಗಿಲಿಗೆ ಬಂದು ದರ್ಜಿಯ ಏಳು ತಲೆಮಾರನ್ನು ಜಾಲಾಡಿಬಿಟ್ಟರು. ಇವಳು ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡಳು.

ಆಮೇಲೆ ಮೀನುಗಳು ಬಂದವು. ಹೊಟ್ಟೆ ಮೇಲೆ ಮಾಡಿಕೊಂಡು, ಮುಚ್ಚಿದ ಬಾಗಿಲಿಗೆ ಬಡಿದು ಬಡಿದು ಒಂದರ ಮೇಲೊಂದು ಗುಡ್ಡೆ ಬಿದ್ದವು. ನೀರು ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ನದಿ ಮತ್ತೆ ತಿಳಿಯಾಗತೊಡಗಿದ ಮೇಲೆ ಎರಡು ರಾಜಧಾನಿಗಳನ್ನು ಸುತ್ತಿಕೊಂಡು ಎಚ್ಚರಿಕೆಯ ಪತ್ರ ಬಂತು. ಅದರಲ್ಲಿ "ಅಲ್ಪ ಪ್ರಮಾಣದ ಬದಲಾವಣೆ" ಎಂದು ಬರೆದಿತ್ತು.

ಊರಿನಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ. ಬೈದವರೆಲ್ಲ ಈಗ ಇವಳ ಸರಪಳಿಗೆ ಕೈ ಮುಗಿದರು. ದರ್ಜಿ ಮಗುವಿಗೆ ಅಂಗಿ ಹೊಲಿದುಕೊಟ್ಟ. ಪತ್ರ ಬಂದ ಮರುದಿನ ಬೆಳಿಗ್ಗೆ ಗುಂಡಿ ಬಿಟ್ಟ ಮೇಲೆ ಅವನೇ, "ಸಹಾಯಕ ಅಧಿಕಾರಿಗಳು ಇವತ್ತು ಮೊಟ್ಟೆ ಇಟ್ಟಿದ್ದಾರೆ ಅಕ್ಕ, ಮಗೂಗೆ ಅಂತ ಹೇಳ್ತಿದ್ದಾರೆ," ಎಂದು ನಕ್ಕ. ಆ ನಗು ಕೇಳಿ ಇವಳಿಗೆ, ಇನ್ನೇನೂ ಆಗುವುದಿಲ್ಲ ಎನ್ನಿಸಿತು.

ನದಿ ಆಯೋಗದ ನಿರ್ದೇಶಕರು ಒಂದು ಮಧ್ಯಾಹ್ನ ಠಾಣೆಗೆ ಬಂದರು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಇವಳು ಬಾಯಿ ಬಿಡುತ್ತಲೇ ಇರಲಿಲ್ಲ. ಗಂಟಲು ನೋವಿನ ಗುಳಿಗೆ ಚೀಪುತ್ತಾ, ನೆಲದ ಮೇಲಿದ್ದ ಪೈಪಿನ ಮೇಲೆಯೇ ಕೂತರು. ಈ ಫೋನು ಹಾಕಿಸಲು ವರ್ಷಗಟ್ಟಲೆ ಎರಡೂ ರಾಜಧಾನಿಗಳ ಬಾಗಿಲು ಕಾದವರು ಅವರೇ.

"ಸರಪಳಿ ತಾನಾಗಿ ತಪ್ಪಿದ್ದಲ್ಲ, ಅಲ್ವೇನಮ್ಮ?" ಎಂದರು.

ಇವಳು ಕಿಟಕಿ ನೋಡಿದಳು.

"ನಾನು ವಿಚಾರಣೆಗೆ ಬಂದಿಲ್ಲ. ಮುಂದಿನ ತಿಂಗಳು ಒಪ್ಪಂದ ಮುಗಿಯುತ್ತೆ. ಈ ಫೋನಿನಿಂದ ಏನೂ ಉಪಯೋಗ ಇಲ್ಲ, ಕಿತ್ತುಹಾಕಿ ಅಂತಿದ್ದಾರೆ ಎರಡೂ ಕಡೆಯೋರು. ಬೇರೆ ಯಾವುದಕ್ಕೂ ಒಂದಾಗಲ್ಲ, ಇದಕ್ಕೆ ಮಾತ್ರ ಒಂದಾಗಿದ್ದಾರೆ. ಕಿತ್ತರೆ ಮುಂದಿನ ಸಲ ನಿಮ್ಮೂರಿನ ಗತಿ? ಫೋನಿನಿಂದ ಊರು ಉಳೀತು ಅಂತ ಒಂದು ಮಾತು ಹೇಳೋಕಾದ್ರೆ ನಾನು ಉಳಿಸ್ತೀನಿ. ಯಾರು ಹೇಳಿದ್ರು ಅಂತ ಬೇಡ. ಹೆಸರು ನಾನು ಕೇಳೋದೇ ಇಲ್ಲ."

ಹೆಸರು ಇವಳಿಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ತಮ್ಮ ಎಂದೇ ಕರೆದಿದ್ದಳು. ಹೆಸರಿಲ್ಲದ ಮೇಲೆ ಹೇಳಿದ ಹಾಗೇನಾಗುತ್ತದೆ ಎಂದು ತನಗೆ ತಾನೇ ವಾದ ಹೂಡಿದಳು. ಫೋನು ಕಿತ್ತರೆ ಅವನ ಕೆಲಸವೂ ಹೋಗುತ್ತದೆ, ಬೆಳಗಿನ ಈ ಮಾತೂ ಹೋಗುತ್ತದೆ. ಮುಂದೊಂದು ದಿನ ನೀರಿನ ಬಣ್ಣ ತಿರುಗಿದಾಗ ಮೊಮ್ಮಗ ಶಾಲೆಯ ನಲ್ಲಿಗೆ ಬಾಯಿಟ್ಟಿರುತ್ತಾನೆ. ಆಣೆ ನೆನಪಿತ್ತು. ಆದರೆ ಯಾರ ಮೇಲೆ ಆಣೆ ಹಾಕಿದ್ದಳೋ ಅವನನ್ನು ಕಾಯುವುದಕ್ಕೇ ಅಲ್ಲವೇ ಇದೆಲ್ಲ? ಜೊತೆಗೆ ಇನ್ನೊಂದು ಆಸೆಯೂ ಇತ್ತು, ಅದನ್ನು ಮುಚ್ಚಿಡುವುದೇಕೆ: ಅವನು ಮಾಡಿದ ಉಪಕಾರ ಯಾರೊಬ್ಬರಿಗಾದರೂ ತಿಳಿಯಲಿ ಎಂದು ಅವಳ ಜೀವ ಒದ್ದಾಡುತ್ತಿತ್ತು.

"ಫೋನಿನಿಂದಲೇ ಸಾರ್," ಎಂದಳು. "ಮೇಲಿನಿಂದ ಹೇಳಿದ್ರು."

ನಿರ್ದೇಶಕರ ಕಣ್ಣು ಒದ್ದೆಯಾಯಿತು. ಅದು ನಾಟಕವಲ್ಲ.

ಜಂಟಿ ಸಭೆ ದೊಡ್ಡ ಊರಿನ ಸಭಾಂಗಣದಲ್ಲಿ. ಎರಡು ಬಾವುಟ, ಒಂದು ಉದ್ದ ಮೇಜು, ಪ್ರತಿಯೊಬ್ಬರ ಮುಂದೆ ಮುಚ್ಚಳ ಬಿಗಿದ ಬಾಟಲಿ ನೀರು. ನದಿಯ ಬಗ್ಗೆ ಮಾತಾಡಲು ಬಂದವರಲ್ಲಿ ಒಬ್ಬರೂ ನದಿಯ ನೀರು ಕುಡಿಯುವವರಲ್ಲ. ಇವಳನ್ನು ಕರೆಸಿ ಹಿಂದಿನ ಸಾಲಿನಲ್ಲಿ ಕೂರಿಸಿದ್ದರು. ನಿರ್ದೇಶಕರು ಎದ್ದು ನಿಂತು, ಗುಳಿಗೆಯನ್ನು ದವಡೆಗೆ ಸರಿಸಿಕೊಂಡು, ಎರಡು ದೇಶಗಳ ಸಹಕಾರ ಎಂದರೆ ಏನೆಂದು ತೋರಿಸಿಕೊಟ್ಟ ಇಬ್ಬರು ಸಾಮಾನ್ಯ ನೌಕರರಿಗೆ, ಒಬ್ಬರು ಕೆಳಗಿನ ಠಾಣೆಯಲ್ಲಿ, ಒಬ್ಬರು ಮೇಲಿನ ಠಾಣೆಯಲ್ಲಿ, ಒಂದು ಊರೇ ಋಣಿಯಾಗಿದೆ ಎಂದರು. ಹೆಸರು ಹೇಳಲಿಲ್ಲ, ಕೊಟ್ಟ ಮಾತಿಗೆ ತಪ್ಪಲಿಲ್ಲ.

ಮೇಲಿನ ಠಾಣೆಯಲ್ಲಿ ಬೆಳಿಗ್ಗೆ ಫೋನು ಎತ್ತುವವನು ಒಬ್ಬನೇ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಇವಳಿಗೆ ಅದು ಹೊಳೆದದ್ದು ಆ ಕ್ಷಣದಲ್ಲಿ.

ಮೊದಲು ಚಪ್ಪಾಳೆ ಹೊಡೆದದ್ದು ಆಚೆ ದೇಶದ ನಿಯೋಗದ ಮುಖ್ಯಸ್ಥ. ಎದ್ದು ನಿಂತು, ನಗುತ್ತಾ, ಗಟ್ಟಿಯಾಗಿ ಹೊಡೆದ. ಪಕ್ಕದಲ್ಲಿದ್ದವನು ಚಪ್ಪಾಳೆ ನಿಲ್ಲಿಸದೆಯೇ ಅವನ ಕಿವಿಗೆ ಬಾಗಿದ. ಇವಳು ಕೂಗಬೇಕೆಂದುಕೊಂಡಳು, ಸುಳ್ಳು, ಸರಪಳಿ ತಾನಾಗಿಯೇ ತಪ್ಪಿತ್ತು ಎನ್ನಬೇಕೆಂದುಕೊಂಡಳು. ಒಪ್ಪಂದ ಮುಂದುವರಿಯಿತು, ಫೋನು ಉಳಿಯಿತು.

ಹೊರಗೆ ಮೆಟ್ಟಿಲ ಮೇಲೆ ನಿರ್ದೇಶಕರನ್ನು ಹಿಡಿದು ನಿಲ್ಲಿಸಿದಳು. "ಅವನನ್ನ ಏನು ಮಾಡ್ತಾರೆ ಸಾರ್?"

"ಏನು ಮಾಡ್ತಾರಮ್ಮ? ಅವರೇ ಚಪ್ಪಾಳೆ ಹೊಡೆದ್ರಲ್ಲ," ಎಂದರು ಅವರು. ಹೇಳುತ್ತಾ ಹೇಳುತ್ತಾ ಅವರ ಮುಖದ ಬಣ್ಣ ಇಳಿಯಿತು. ಚೀಪುತ್ತಿದ್ದ ಗುಳಿಗೆಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತರು.

ಮರುದಿನ ಬೆಳಿಗ್ಗೆ ಇವಳು ಕಿಟಕಿ ತೆರೆಯುವುದನ್ನೂ ಮರೆತು ಫೋನಿನ ಮುಂದೆ ಕೂತಳು. ಅವನು ಫೋನಿಗೆ ಬಂದ ತಕ್ಷಣ ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದಳು: ತಮ್ಮಾ, ಈಗಲೇ ಹೊರಡು, ಹೆಂಡತಿಯನ್ನೂ ಕೋಳಿಯನ್ನೂ ಕರೆದುಕೊಂಡು ಗಡಿ ದಾಟು, ನಮ್ಮನೆಗೇ ಬಾ. ಫೋನು ಎಂದಿನ ಹೊತ್ತಿಗೆ ಸರಿಯಾಗಿ ಹೊಡೆದುಕೊಂಡಿತು.

"ತಂತಿ ಸರಿಯಾಗಿದೆ. ನೀರು ಸರಿಯಾಗಿದೆ."

ಬೇರೆ ದನಿ. ಎಳೆಯದು, ಚೊಕ್ಕವಾದದ್ದು.

"ಕೇಳಿಸಿತು, ವಂದನೆಗಳು," ಎಂದು ಇವಳು ಗುಂಡಿ ಬಿಟ್ಟಳು. "ಅಲ್ಲಿ ಇದ್ರಲ್ಲ, ನಮ್ಮ ತಮ್ಮ, ಅವರು ಎಲ್ಲಿ?"

ಆ ಕಡೆ ಗುಂಡಿ ಬಿಟ್ಟಿರಲಿಲ್ಲ. ಯಂತ್ರ ಓಡುವ ಗುಂಯ್ ಸದ್ದು ಕೇಳುತ್ತಿತ್ತು. ಆ ಸದ್ದಿನ ಹಿಂದೆ, ಮೇಜಿನ ಕೆಳಗಿನಿಂದ, ಕೊಕ್ ಕೊಕ್ ಎಂದು ಕೋಳಿ ಕೂಗಿತು.

ಇವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ರಜೆಗೆ ಹೋಗಿದ್ದರೆ, ವರ್ಗವಾಗಿದ್ದರೆ, ತಾನಾಗಿ ಎದ್ದು ಹೋಗಿದ್ದರೆ, ಆ ಬುಟ್ಟಿ ಅವನ ಕೈಯಲ್ಲಿರುತ್ತಿತ್ತು.

"ತಂತಿ ಸರಿಯಾಗಿದೆ. ನೀರು ಸರಿಯಾಗಿದೆ," ಎಂದಿತು ದನಿ ಮತ್ತೊಮ್ಮೆ, ಮೊದಲಿನಷ್ಟೇ ಚೊಕ್ಕವಾಗಿ. ಫೋನು ಇಟ್ಟ ಸದ್ದಾಯಿತು.

ಹೊರಗೆ ನದಿ ಬಿಸಿಲಿನಲ್ಲಿ ತಿಳಿಯಾಗಿ ಹರಿಯುತ್ತಿತ್ತು. ನೋಡಿದರೆ ಬೊಗಸೆಯಲ್ಲಿ ಎತ್ತಿ ಕುಡಿಯಬೇಕೆನ್ನಿಸುವಂತಿತ್ತು. ಇವಳು ಠಾಣೆಗೆ ಬೀಗವನ್ನೂ ಹಾಕದೆ ಮನೆಗೆ ನಡೆದಳು. ಮಗಳು ಮಗುವಿಗೆ ಸ್ನಾನ ಮಾಡಿಸಿ, ಕುಡಿಸಲೆಂದು ಕಾಯಿಸಿ ಆರಿಸಿದ ನೀರನ್ನು ಬಟ್ಟಲಿಗೆ ಬಗ್ಗಿಸುತ್ತಿದ್ದಳು. ಇವಳು ಬಟ್ಟಲನ್ನು ಕಿತ್ತುಕೊಂಡು ಬಚ್ಚಲಿಗೆ ಚೆಲ್ಲಿದಳು.

ಮಗಳು ಗಾಬರಿಯಾದಳು. "ಏನಮ್ಮಾ? ಮೇಲಿನ ಮಾಮ ಏನಾದ್ರೂ ಹೇಳಿದ್ರಾ?"

"ಏನೂ ಹೇಳ್ಲಿಲ್ಲ ಕಣೇ," ಎಂದಳು ಇವಳು, ಖಾಲಿ ಬಟ್ಟಲು ಹಿಡಿದು ಅಲ್ಲೇ ಕುಸಿದು ಕೂರುತ್ತಾ. "ಇನ್ನು ಯಾರೂ ಏನೂ ಹೇಳಲ್ಲ."