ಸೀಸ ಅಂದವಳು

ಎಷ್ಟು ಬೆಳ್ಳಗಿದೆ, ಚಹಾ ಲೋಟ ಹಿಡಿದ ತಂಗಿಯ ಉಗುರು, ನಿನ್ನೆ ತಾನೇ ವಿಮಾನ ಇಳಿದವಳ ಉಗುರು, ಸಂದಿಯಲ್ಲಿ ಒಂದೆಳೆ ಕರಿಯೂ ಇಲ್ಲ, ಅಕ್ಕ ತನ್ನ ಕೈಯನ್ನು ತೊಡೆಯ ಕೆಳಗೆ ತೂರಿಸಿಕೊಂಡಳು — ಉಜ್ಜಿದರೆ ಹೋಗುವ ಕರಿಯಲ್ಲ ಇದು, ಗಣಿಯ ಅಂಗಳದಲ್ಲಿ ದಿನವಿಡೀ ಜರಡಿ ಹಿಡಿದವರ ಕರಿ, ಸೀಸದ ಕರಿ, ಸೀಸ ಅಲ್ಲಮ್ಮ ಗ್ರಾಫೈಟ್ ಅನ್ನು ಅಂತ ಮೇಸ್ತ್ರಿ ಎಷ್ಟು ತಿದ್ದಿದರೂ, ಪೆನ್ಸಿಲ್ಲಿಗೆ ಸೀಸದ ಕಡ್ಡಿ ಎಂದು ಕಲಿತ ನಾಲಿಗೆ ಕೇಳಬೇಕಲ್ಲ, ಆ ನಾಲಿಗೆಯೇ ಕೈಕೊಟ್ಟಿತು, ಕಲ್ಲು ಕೊಳ್ಳುವ ದೇಶದವರು ತರಬೇತಿಗೆ ಒಬ್ಬಳನ್ನು ಆರಿಸಲು ಬಂದು ಇಲ್ಲಿ ಏನು ಜರಡಿ ಹಿಡಿಯುತ್ತೀರಿ ಎಂದು ಕೇಳಿದಾಗ ಅಕ್ಕ ಸೀಸ ಅಂದಳು, ಪಕ್ಕದಲ್ಲಿದ್ದ ತಂಗಿ ಗ್ರಾಫೈಟ್ ಅಂದಳು, ಅಷ್ಟೇ, ಒಂದು ಮಾತಿಗೆ ಅವಳು ವಿಮಾನ ಹತ್ತಿದಳು, ಇವಳು ಜರಡಿಗೆ ಮರಳಿದಳು, ಆ ಜರಡಿ ಹಿಡಿಯುವುದನ್ನು ಅವಳಿಗೆ ಕಲಿಸಿದ್ದು ಯಾರು, ಜಡೆ ಹೆಣೆಯುವುದನ್ನು ಕಲಿಸಿದ್ದು ಯಾರು — ಕಲ್ಲನ್ನು ಬ್ಯಾಟರಿಗೆ ಆಗುವಂತೆ ಶುದ್ಧ ಮಾಡೋದು ಕಲಿತು ಬಾಮ್ಮ, ಇನ್ನು ಹಸಿ ಕಲ್ಲು ಮಾರೋದು ಬೇಡ, ಇಲ್ಲೇ ಕಾರ್ಖಾನೆ ಹಾಕೋಣ, ಎಂದು ಮಂತ್ರಿ ಅವಳ ಕೈ ಕುಲುಕಿ ಫೋಟೋ ತೆಗೆಸಿಕೊಂಡರು, ಶೆಡ್ಡೂ ಎದ್ದಿತು, ಯಂತ್ರ ಬಂದರಾಯಿತು, ಅಕ್ಕನಿಗೂ ನೆರಳಲ್ಲಿ ಕೆಲಸ, ತಂಗಿಯನ್ನು ಮೇಡಂ ಅನ್ನಬೇಕಾದೀತು, ಅಂದರಾಯಿತು, ಅದೇನು ಮಹಾ — ಸುಳ್ಳು, ವಿಮಾನ ಏರಿದ ದಿನವೇ ಹೊಟ್ಟೆಗೆ ಬೆಂಕಿ ಬಿದ್ದಿತ್ತು, ಹೋದವಳು ಬರಿಗೈಲಿ ಬರಲಿ ಎಂದು ಮನಸಾರೆ ಬೇಡಿಕೊಂಡಿದ್ದಳು.

ಯಂತ್ರ ಕೊಡಲ್ವಂತೆ ಅಕ್ಕ, ತಂಗಿ ಲೋಟ ಕೆಳಗಿಟ್ಟಳು, ಹಸಿ ಕಲ್ಲು ಕೊಡಲ್ಲ ಅಂತ ನಾವಂದ್ವಿ, ಯಂತ್ರಾನೇ ಕೊಡಲ್ಲ ಅಂತ ಅವ್ರಂದ್ರು, ಬೇರೆ ದೇಶದಿಂದ ಕಲ್ಲು ತರಿಸ್ಕೋತಾರಂತೆ, ಕೊಳ್ಳೋರಿಲ್ಲ ಅಂತ ನಮ್ಮ ಅಂಗಳ ಮುಚ್ತಾರೆ. ಮುಚ್ಚಿದರೆ ನಮ್ಮ ಗತಿ ಏನು ಎಂದು ಕೇಳಬೇಕಿತ್ತು, ಬಾಯಿಂದ ಬಂದದ್ದೇ ಬೇರೆ — ಕಲ್ತು ಬಂದಿದ್ದೀಯಲ್ಲ, ಯಂತ್ರ ಯಾಕೆ, ನೀನೇ ಮಾಡು ಮೇಡಂ. ಚುಚ್ಚಲೆಂದೇ ಅಂದಳು, ಚುಚ್ಚಿತು, ತಂಗಿಯ ಮುಖ ಇಳಿದುಹೋಯಿತು, ನಾನೇನು ಕಲ್ತೆ ಅಕ್ಕ, ಕಲ್ಲು ಶುದ್ಧ ಮಾಡೋ ಕುಲುಮೆ ಕೋಣೆ ಬಾಗಿಲು ದಾಟೋಕೆ ಬಿಡಲಿಲ್ಲ, ಗಾಜಿನ ಆಚೆ ಕೂರಿಸಿ ವಿಡಿಯೋ ತೋರಿಸಿದ್ರು, ನಮ್ಮ ಕಲ್ಲು ಮೂಟೆ ಮೂಟೆ ಒಳಗೆ ಹೋಗ್ತಿತ್ತು, ನನ್ನ ಬಿಡಲಿಲ್ಲ — ಬಿಟ್ಟಿದ್ದರೆ ಅವಳ ಉಗುರಿಗೂ ಕರಿ ಹತ್ತಬೇಕಿತ್ತು, ಹತ್ತಿಲ್ಲ, ಬಂದಾಗಿನಿಂದ ಕಣ್ಣು ಕುಕ್ಕಿದ್ದು ಅದೇ, ಬೇಡಿಕೊಂಡದ್ದೂ ಅದನ್ನೇ, ಬರಿಗೈ, ಈಗ ಆ ಕೈ ಹಿಡಿದುಕೊಳ್ಳಬೇಕು, ಹಿಡಿದರೆ ತನ್ನ ಕರಿ ಅದಕ್ಕೆ ಹತ್ತುತ್ತದೆ, ಹತ್ತಲಿ, ಇಲ್ಲ, ಕೈ ತೊಡೆಯ ಕೆಳಗಿಂದ ಬರುತ್ತಿಲ್ಲ, ಇಷ್ಟಾದರೂ ಹೊಟ್ಟೆಯ ಉರಿ ಆರುತ್ತಿಲ್ಲ, ಎಷ್ಟು ಬೆಳ್ಳಗಿದೆ, ಆ ಉಗುರು