ಹವಳಕ್ಕೆ ಹಾಕಿದ ಕಚ್ಚಾ ಹೊಲಿಗೆ

ಮಾವ ಸಮುದ್ರದ ಮೀನು, ಹವಳ ಸಾಕಿದ್ದ ಉಪ್ಪುನೀರಿನ ಗಾಜಿನ ತೊಟ್ಟಿಗೆ ಬೆರಳದ್ದುವ ಹಕ್ಕು ಮನೆಯಲ್ಲಿ ಯಾರಿಗೂ ಇರಲಿಲ್ಲ. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಬೇರೆಯವರ ಕೈಗೆಲಸವೆಂದರೆ ಅವರಿಗೆ ಅಷ್ಟಕ್ಕಷ್ಟೆ. ಸೊಸೆ ದರ್ಜಿ, ಊರೆಲ್ಲ ಹುಡುಕಿಕೊಂಡು ಬರುವಂಥ ದರ್ಜಿ. ಆದರೂ ಅವಳು ತೊಟ್ಟಿಯ ಗಾಜು ಒರೆಸಲು ಹೋದರೆ ಸಾಕು, "ಬೇಡ ತಾಯಿ, ಇದು ಬಟ್ಟೆ ಅಲ್ಲ" ಎನ್ನುವರು. ಆ ಮಾತು ಅವಳಿಗೆ ಚುಚ್ಚುತ್ತಿತ್ತು.

ಅಂಥ ಮಾವನ ಕೈಯಿಂದಲೇ ಒಂದು ಬೆಳಗ್ಗೆ ತೊಟ್ಟಿಯೊಳಗಿನ ಕಲ್ಲೊಂದು ಜಾರಿ ಹವಳದ ಮೇಲೆ ಬೀಳಬೇಕೇ! ಹನ್ನೊಂದು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಸಾಕಿದ, ಅಣಬೆಯಾಕಾರದ ಮೆದು ಹವಳ. ಬುಡ ಜಜ್ಜಿಹೋಯಿತು, ತಲೆ ಹರಿದು ತೇಲಿತು. ಜಜ್ಜಿದ ಅಂಚನ್ನು ಬ್ಲೇಡಿನಿಂದ ಕತ್ತರಿಸಿ, ಅಯೋಡಿನ್ ನೀರಿನಲ್ಲಿ ಅದ್ದಿ, ಬೇರೆ ಕಲ್ಲಿಗೆ ಅಂಟಿಸಲು ನೋಡಿದರು. ಲೋಳೆ ಲೋಳೆ ಮೈ. ಯಾವ ಅಂಟೂ ಹಿಡಿಯಲಿಲ್ಲ. ಮಾವನ ಮುಖ ಅಳುವಂತಾಯಿತು.

"ಮಾವ, ಕಲ್ಲಿಗೆ ಹೊಲಿದುಬಿಡ್ಲಾ?"

"ಹೊಲಿಯೋಕೆ ಇದೇನು ಹರಿದ ಪ್ಯಾಂಟಾ?" ಎಂದವರು ತೇಲುತ್ತಿದ್ದ ಹವಳವನ್ನು ಬೊಗಸೆಯಲ್ಲಿ ಎತ್ತಿ ಅವಳ ಮುಂದೆ ಹಿಡಿದು, "ಹೊಲಿ" ಎಂದರು.

ಹೊಲಿದಳು, ಅದೂ ಹೇಗೆ! ಕೈಚಳಕ ತೋರಿಸುವ ಹುರುಪಿನಲ್ಲಿ ನೈಲಾನ್ ದಾರವನ್ನು ಬಿಗಿಬಿಗಿಯಾಗಿ ಎಳೆದು, ಹತ್ತು ವರ್ಷವಾದರೂ ಬಿಚ್ಚದಂಥ ಹೊಲಿಗೆ ಹಾಕಿದಳು. ಮರುದಿನ ನೋಡಿದರೆ ಊದಿಕೊಂಡ ಹವಳವನ್ನು ದಾರವೇ ಕೊಯ್ದಿದೆ, ಅದು ಮತ್ತೆ ತೇಲುತ್ತಿದೆ.

"ಹೇಳಲಿಲ್ವಾ ನಾನು?" ಎಂದರು ಮಾವ. ಅವಳು ದಾರದ ತುಂಡುಗಳನ್ನು ಆರಿಸಿ ತೆಗೆದಳು.

ಮಿಷನ್ನಿನ ಮುಂದೆ ಕೂತಾಗ ಹೊಳೆಯಿತು. ಛೆ, ಅಳತೆ ಗೊತ್ತಿಲ್ಲದ ಮೈಗೆ ಮೊದಲು ಹಾಕುವುದು ಕಚ್ಚಾ ಹೊಲಿಗೆಯಲ್ಲವೇ? ಸಡಿಲವಾಗಿ ಹಿಡಿದಿಟ್ಟು, ಆಮೇಲೆ ಕಿತ್ತು ತೆಗೆಯುವಂಥದ್ದು! ಈ ಸಲ ಎರಡೇ ಎರಡು ಉದ್ದ ಹೊಲಿಗೆ ಹಾಕಿದಳು, ಬೆರಳು ತೂರುವಷ್ಟು ಸಡಿಲವಾಗಿ.

ಐದನೇ ದಿನ ಹವಳ ಮುದುಡಿಕೊಂಡು, ಮೈಮೇಲೆ ಮೇಣದಂಥ ಪೊರೆ ಕಟ್ಟಿತು. ಮಾವ ಬಕೆಟ್ ತಂದರು. "ಸತ್ತೋಯ್ತು. ಬಿಟ್ಟರೆ ನೀರೆಲ್ಲ ಕೆಡುತ್ತೆ, ಮೀನೂ ಉಳಿಯಲ್ಲ."

ಅವಳು ಕಲ್ಲನ್ನೆತ್ತಿ ಮೂಸಿದಳು. "ಕೊಳೆತಿದ್ರೆ ನಾರಬೇಕಿತ್ತಲ್ಲ ಮಾವ? ಬರೀ ಉಪ್ಪಿನ ವಾಸನೆ. ಆಗಾಗ ಪೊರೆ ಬಿಡುತ್ತೆ ಅಂತ ನೀವೇ ಹೇಳ್ತಿದ್ರಿ. ಮೂರು ದಿನ ಕೊಡಿ."

"ಮೂರೇ ದಿನ" ಎಂದು ಗದರಿದರೂ, ತೊಟ್ಟಿಯೊಳಗೆ ನೀರು ಚಿಮ್ಮಿಸುವ ಪಂಪಿನ ಬಾಯನ್ನು ಹವಳದತ್ತ ತಿರುಗಿಸಿದವರು ಅವರೇ.

ಮೂರನೇ ದಿನ ಆ ನೀರಿನ ರಭಸಕ್ಕೆ ಪೊರೆ ಕಳಚಿ ಹೋಯಿತು. ಮಧ್ಯಾಹ್ನದ ಹೊತ್ತಿಗೆ ತಲೆಯ ತುಂಬ ಎಳೆಎಳೆಯಾಗಿ ಪುಟ್ಟ ಬೆರಳುಗಳು ಅರಳಿದ್ದವು. ಇನ್ನೆರಡು ವಾರಕ್ಕೆ ಅದು ಕಲ್ಲನ್ನು ತಾನೇ ಕಚ್ಚಿ ಹಿಡಿದಿತ್ತು. ಅವಳು ಕತ್ತರಿ ತಂದಳು.

"ದಾರ ಇರಲಿ ಬಿಡು, ಬಂದವರಿಗೆ ತೋರಿಸೋಣ" ಎಂದರು ಮಾವ.

"ಕಚ್ಚಾ ಹೊಲಿಗೆ ಉಳಿಸಿದ್ರೆ ದರ್ಜಿ ಮಾನ ಹೋಗುತ್ತೆ ಮಾವ." ಕತ್ತರಿಸಿ ಎಳೆದಳು. ಗುರುತೇ ಇಲ್ಲ! ಅವಳ ಎದೆ ಉಬ್ಬಿತು.

ಸಂಜೆ ಮಾವನ ಗೆಳೆಯರೊಬ್ಬರು ಬಂದು ಗಾಜಿಗೆ ಮೂಗು ಒತ್ತಿ ನಿಂತರು. "ಎಲ್ಲಯ್ಯಾ ಹರಿದಿದ್ದು?"

"ಹುಡುಕು ನೋಡೋಣ! ನನ್ನ ಸೊಸೆ ಹೊಲಿಗೆ, ನಿನ್ನ ಕಣ್ಣಿಗೆ ಸಿಗುತ್ತಾ?"

ಗೆಳೆಯರು ಸುಮ್ಮನಿರಲಾರದೆ ನೀರಿಗೆ ಬೆರಳು ಚಾಚಿದರು. ಮಾವ ಆ ಕೈಯನ್ನು ಪಟ್ಟನೆ ಹಿಡಿದರು.

"ಏಯ್, ತೆಗಿ ಕೈ! ಅವಳನ್ನ ಕೇಳದೆ ಈಗ ನಾನೇ ಮುಟ್ಟಲ್ಲ."